ಕಾಲಲ್ಲಿ ಹಿಡಿದ ಕೊಡೆ

ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯ ಹಿಂದೆ ಒಂದು ಕೆಂಪು ಬೋರ್ಡು ನೇತುಹಾಕಿರುತ್ತಾರೆ. ಅದು ಕಂಡರೆ ಗಾಡಿ ಪೂರ್ತಿ ಬಂತು ಎಂದು ಅರ್ಥ. ಕಾಣದಿದ್ದರೆ ಗಾಡಿ ದಾರಿಯಲ್ಲೆಲ್ಲೋ ತುಂಡಾಗಿ, ಅದರ ಬಾಲ ಹಳಿಯ ಮೇಲೇ ಉಳಿದಿದೆ ಎಂದು ಅರ್ಥ. ಸಣ್ಣ ಸ್ಟೇಷನ್ನಿನ ಮಾಸ್ಟರಿಗೆ ಸರ್ಕಾರ ಸಂಬಳ ಕೊಡುವುದೇ ಆ ಬೋರ್ಡನ್ನು ನೋಡಲಿಕ್ಕೆ. ಉಳಿದದ್ದೆಲ್ಲ, ಟಿಕೆಟ್ಟು ಕೊಡುವುದು, ಗಂಟೆ ಹೊಡೆಸುವುದು, ಬಂದವರಿಗೆಲ್ಲ ಗಾಡಿ ಲೇಟು ಎಂದು ಹೇಳುವುದು, ಯಾರು ಬೇಕಾದರೂ ಮಾಡಬಹುದಾದ ಕೆಲಸ.

ಮಾದೇಗೆರೆಯ ಸ್ಟೇಷನ್ ಮಾಸ್ಟರ್ ಪಾರ್ಥಸಾರಥಿ ಆ ಬೋರ್ಡನ್ನು ತಪ್ಪದೆ ನೋಡುವ ಮನುಷ್ಯ. ಊಟಕ್ಕೆ ಕೂತಿದ್ದರೂ ಎಂಜಲು ಕೈಯಲ್ಲೇ ಎದ್ದು ಬಂದು ನೋಡುತ್ತಿದ್ದ. ಅರಸೀಕೆರೆಯಿಂದ ಬೀರೂರಿನ ಕಡೆಗೆ ಹೊರಟ ಗಾಡಿಗೆ ಮಾದೇಗೆರೆಯೇ ಮೊದಲ ಸ್ಟೇಷನ್ನು. ನಡುವೆ ತೆಂಗಿನ ತೋಟಗಳು, ಒಂದು ಕಲ್ಲುಗುಡ್ಡ, ಗುಡ್ಡವನ್ನು ಸೀಳಿಕೊಂಡು ಬಳುಕಿ ಬರುವ ಒಂದೇ ಒಂದು ಹಳಿ. ಆ ಹಳಿಯ ಮೇಲೆ ಒಂದು ಹೊತ್ತಿಗೆ ಒಂದೇ ಗಾಡಿ. ಹಿಂದಿನದು ಪೂರ್ತಿ ಬಂತೆಂದು ಪಾರ್ಥಸಾರಥಿ ಫೋನಿನಲ್ಲಿ ಹೇಳಿ, ತನ್ನ ರೂಮಿನ ಮಿಷನ್ನಿನ ಗುಂಡಿ ಒತ್ತಿ ಹಿಡಿದರೆ ಮಾತ್ರ ಅರಸೀಕೆರೆಯ ಮಿಷನ್ನಿನಿಂದ ಮುಂದಿನ ಗಾಡಿಗೆ ಟೋಕನ್ ಹೊರಗೆ ಬೀಳುತ್ತಿತ್ತು. ಆ ಕಬ್ಬಿಣದ ಉಂಡೆ ಕೈಗೆ ಸಿಗದೆ ಯಾವ ಡ್ರೈವರೂ ಗಾಡಿ ಕದಲಿಸುವುದಿಲ್ಲ.

ಹೊಸ ಪೈಸೆ ಬಂದ ಮಾರನೆಯ ವರ್ಷದ ಮಾತು ಇದು. ಪಾರ್ಥಸಾರಥಿಯ ಮೇಲೆ ಅದಾಗಲೇ ಒಂದು ಮೆಮೋ ಇತ್ತು. ಸಿಗ್ನಲ್ಲಿನ ತಂತಿ ಸಿಕ್ಕಿಕೊಂಡಾಗ ಎಕ್ಸ್‌ಪ್ರೆಸ್ ಗಾಡಿಯನ್ನು ಹೊರಗೇ ತಡೆದು ನಿಲ್ಲಿಸಿದ್ದ. ಇನ್ಸ್‌ಪೆಕ್ಟರು ಬಂದು ನೋಡುವಾಗ ತಂತಿ ತಾನೇ ಬಿಟ್ಟುಕೊಂಡು ಸಾಧುವಾಗಿ ಕೂತಿತ್ತು. ಇನ್ನೊಂದು ಸಲ ಕಾರಣವಿಲ್ಲದೆ ಗಾಡಿ ತಡೆದರೆ ನೌಕರಿಯ ಆಸೆ ಬಿಟ್ಟುಬಿಡಿ ಎಂದು ಅವರು ಎಲ್ಲರೆದುರಿಗೇ ಹೇಳಿ ಹೋಗಿದ್ದರು. ಅಂಥವನಿಗೆ ಈಗ ಹೇಗೋ ಅರಸೀಕೆರೆಗೆ ವರ್ಗವಾಗಿತ್ತು. ಮಾದೇಗೆರೆಯಲ್ಲಿ ಹೈಸ್ಕೂಲಿಲ್ಲದೆ ಮಗಳು ಗೋದಾಳನ್ನು ಬೇಲೂರಿನಲ್ಲಿ ಅವಳ ತಾತನ ಮನೆಯಲ್ಲಿ ಬಿಟ್ಟಿದ್ದರು. ಅರಸೀಕೆರೆಗೆ ಹೋದರೆ ಅವಳನ್ನು ಕರೆತಂದು ಜೊತೆಗಿಟ್ಟುಕೊಳ್ಳಬಹುದು. ಹೆಂಡತಿ ಯದುಗಿರಿ ಆಗಲೇ ಹಿತ್ತಾಳೆ ಪಾತ್ರೆಗಳಿಗೆ ಹುಲ್ಲು ಸುತ್ತಿ ಮೂಟೆ ಕಟ್ಟಲು ಶುರುಮಾಡಿದ್ದಳು.

ಅವತ್ತು ಮಧ್ಯಾಹ್ನ ಪ್ಲಾಟ್‌ಫಾರಂ ಮೇಲೆ ಇದ್ದವನು ಕಣಕಟ್ಟೆ ಕಡೆಯ ಕೊಬ್ಬರಿ ವ್ಯಾಪಾರಿ ದೇವೀರಪ್ಪ ಒಬ್ಬನೇ. ಸಂಜೆಯ ಪ್ಯಾಸೆಂಜರಿಗೆ ಹಾಕುವ ಚೀಲಗಳನ್ನು ಒಟ್ಟಿಸಿ, ಅದರ ಮೇಲೆಯೇ ಟವೆಲು ಹಾಸಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅದಕ್ಕೆ ಮುಂಚೆ ಅರಸೀಕೆರೆಯಿಂದ ಒಂದು ಗೂಡ್ಸ್ ಬರುವುದಿತ್ತು. ಅದು ನಿಲ್ಲುವ ಗಾಡಿಯಲ್ಲ. ಪಾಯಿಂಟ್ಸ್‌ಮನ್ ಬೋರಯ್ಯ ಮುಂದಿನ ದಾರಿಯ ಟೋಕನ್ನನ್ನು ಬೆತ್ತದ ಬಳೆಗೆ ಸಿಕ್ಕಿಸಿ, ಕೈ ಎತ್ತಿ ಹಿಡಿದು ನಿಂತ. ಪಾರ್ಥಸಾರಥಿ ಹಸಿರು ಬಾವುಟ ಹಿಡಿದು ತನ್ನ ರೂಮಿನ ಬಾಗಿಲ ಮುಂದೆ ನಿಂತ.

ಗಾಡಿ ನಿಧಾನವಾಗಿ ಒಳಗೆ ಬಂತು. ಎಂಜಿನ್ನಿನವನು ಹಳೆಯ ಬಳೆ ಎಸೆದು ಹೊಸ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಂಡು ಹೋದ. ಹಿಂದೆ ಮುಚ್ಚಿದ ಡಬ್ಬಿಗಳು, ದಿನಾ ನೋಡುವ ಕಂದು ಬಣ್ಣದ, ಬೇಜಾರು ಹಿಡಿಸುವ ಡಬ್ಬಿಗಳು. ಅವು ಮುಗಿದು ಒಂದು ಬಯಲು ವ್ಯಾಗನ್ ಬಂತು. ಅದರಲ್ಲಿ ಯಾವುದೋ ಸರ್ಕಸ್ ಕಂಪನಿಯ ಸುತ್ತಿಟ್ಟ ಡೇರೆ, ಬೊಂಬುಗಳು, ತಗಡಿನ ಪೆಟ್ಟಿಗೆಗಳು ಇದ್ದವು. ಎಲ್ಲಕ್ಕಿಂತ ಎತ್ತರದ ಪೆಟ್ಟಿಗೆಯ ಮೇಲೆ ಒಬ್ಬ ಹೆಂಗಸು ಎರಡೂ ಕೈ ಊರಿ, ಕಾಲು ಆಕಾಶಕ್ಕೆ ಮಾಡಿ, ತಲೆಕೆಳಗಾಗಿ ನಿಂತಿದ್ದಳು. ಕಾಲುಗಳ ನಡುವೆ ಒಂದು ಪುಟ್ಟ ರೇಷ್ಮೆ ಕೊಡೆ ಬಿಚ್ಚಿ ಹಿಡಿದಿದ್ದಳು. ಕೊಡೆ ಕಡು ಕೆಂಪು.

ಗಾಡಿ ಕುಲುಕುತ್ತಿತ್ತು, ಕೊಡೆ ಗಾಳಿಗೆ ಅದುರುತ್ತಿತ್ತು, ಅವಳು ಮಾತ್ರ ಅಲುಗುತ್ತಿರಲಿಲ್ಲ. ಪ್ಲಾಟ್‌ಫಾರಂ ಹತ್ತಿರ ಬಂದಾಗ ತಲೆಕೆಳಗಾದ ಮುಖದಲ್ಲೇ ನಕ್ಕಳು. ನಕ್ಕು, ಒಂದು ಕೈ ಎತ್ತಿ, ಒಂದೇ ಕೈಯ ಮೇಲೆ ನಿಂತಳು.

ದೇವೀರಪ್ಪನ ಎಲೆ ಕೈಯಿಂದ ಜಾರಿತು. ಬೋರಯ್ಯ ಬಾಯಿ ತೆರೆದ. ಕ್ವಾರ್ಟರ್ಸಿನ ಹಿತ್ತಲ ಬಾಗಿಲಲ್ಲಿ ಯದುಗಿರಿ ಕೈಯಲ್ಲಿ ಹುಲ್ಲು ಹಿಡಿದುಕೊಂಡೇ ನಿಂತುಬಿಟ್ಟಳು. ಪಾರ್ಥಸಾರಥಿಯ ಕತ್ತು ಅವಳು ಹೋದ ಕಡೆಗೇ ತಿರುಗುತ್ತ ಹೋಯಿತು. ಕಣ್ಣು ಯಾರ ಅಪ್ಪಣೆ ಕೇಳುತ್ತದೆ? ಸಂಬಳ ಕೊಡುವವರದ್ದೂ ಕೇಳುವುದಿಲ್ಲ, ಹೆಂಡತಿ ಮಕ್ಕಳದ್ದೂ ಕೇಳುವುದಿಲ್ಲ. ಕಾಣಬಾರದ್ದು ಕಂಡರೆ ಅದು ಓಡಿಹೋಗಿ ಅಲ್ಲಿ ಕೂತುಬಿಡುತ್ತದೆ. ಕೆಂಪು ಕೊಡೆ ಸಣ್ಣದಾಗುತ್ತ ಆಗುತ್ತ, ಮುಂದಿನ ಸಿಗ್ನಲ್ ದಾಟಿ, ತೆಂಗಿನ ಮರಗಳ ಹಿಂದೆ ಹೋಯಿತು. ಸದ್ದು ನಿಂತಿತು. ಹಳಿ ಖಾಲಿಯಿತ್ತು.

ಪಾರ್ಥಸಾರಥಿ ಒಳಗೆ ಹೋಗಿ, ಬೋರಯ್ಯ ತಂದುಕೊಟ್ಟ ಟೋಕನ್ನನ್ನು ಮಿಷನ್ನಿಗೆ ಹಾಕಿ, ಅರಸೀಕೆರೆಗೆ ಫೋನು ಮಾಡಿದ. ಅಲ್ಲಿ ಡ್ಯೂಟಿಯ ಮೇಲಿದ್ದವನು ಅಸಿಸ್ಟೆಂಟ್ ಮಾಸ್ಟರ್ ಜಯದೇವಪ್ಪ.

"ಗೂಡ್ಸ್ ಪೂರ್ತಿ ಬಂತು ಕಣ್ರೀ," ಎಂದ ಪಾರ್ಥಸಾರಥಿ.

ಇದರಲ್ಲಿ ಸುಳ್ಳಿರಲಿಲ್ಲ. ಪೂರ್ತಿ ಬಂತೆಂದೇ ಅವನು ನಂಬಿದ್ದ. ಯಾವಾಗಲೂ ಪೂರ್ತಿಯೇ ಬರುತ್ತಿತ್ತಲ್ಲ.

ಹೊರಗೆ ಬಂದು ಹೂಜಿಯ ನೀರು ಕುಡಿದ. ಪ್ಲಾಟ್‌ಫಾರಂ ಮೇಲೆ ಆಗಲೇ ದೊಡ್ಡ ಚರ್ಚೆ ನಡೆದಿತ್ತು. ಆ ಹೆಂಗಸಿಗೆ ಮೂವತ್ತರ ಮೇಲಾಗಿರಬೇಕು ಎಂದು ದೇವೀರಪ್ಪ, ಇಲ್ಲ ಇನ್ನೂ ಹುಡುಗಿ ಎಂದು ಬೋರಯ್ಯ.

"ಅಬ್ಬಬ್ಬಾ, ನಾವು ಕಾಲ್ ಮೇಲೆ ನಿಂತ್ರೇನೇ ಗಾಡೀಲಿ ಬಿದ್ದೋಯ್ತೀವಿ. ಅವಳು ಒಂದ್ ಕೈಯಾಗೆ ನಿಂತವ್ಳೆ ಮಾಸ್ಟ್ರೇ!" ಎಂದ ದೇವೀರಪ್ಪ.

ಪಾರ್ಥಸಾರಥಿಯೂ ನಕ್ಕ. ಅಷ್ಟರಲ್ಲಿ ಒಳಗೆ ಗಂಟೆ ಹೊಡೆಯಿತು. ಫೋನೆತ್ತಿದರೆ ಮತ್ತೆ ಜಯದೇವಪ್ಪ.

"ಸಾರ್, ಪ್ಯಾಸೆಂಜರಿಗೆ ಲೈನ್ ಕೊಡಿ. ಎಂಜಿನ್ ಹಾಕಿ ಆಗಿದೆ. ಇವತ್ತು ಗಾಡಿ ತುಂಬಾ ಸ್ಕೂಲ್ ಮಕ್ಕಳು. ಬೇಲೂರು, ಹಳೇಬೀಡು, ಬಸ್ತಿಹಳ್ಳಿ ಎಲ್ಲಾ ನೋಡ್ಕೊಂಡು ಬಂದಿದಾರೆ. ಮೇಷ್ಟ್ರುಗಳ ಕೈಗೆ ಸಿಗ್ತಾ ಇಲ್ಲ. ಬೇಗ ಕಳಿಸಿಬಿಟ್ರೆ ನಂಗೂ ಪುಣ್ಯ."

"ಕೊಟ್ಟೆ," ಎಂದು ಪಾರ್ಥಸಾರಥಿ ಗುಂಡಿಯ ಮೇಲೆ ಬೆರಳಿಟ್ಟ.

ಒತ್ತಲಿಲ್ಲ. ಯಾಕೆ ಒತ್ತಲಿಲ್ಲ ಎಂಬುದು ಆ ಗಳಿಗೆಯಲ್ಲಿ ಅವನಿಗೂ ತಿಳಿಯಲಿಲ್ಲ. ಏನೋ ಒಂದು ಕಡಿಮೆಯಾಗಿತ್ತು. ನೆನಪು ಮಾಡಿಕೊಂಡ. ಆ ಗೂಡ್ಸಿನ ಗಾರ್ಡು ರಾಮಣ್ಣ. ಕಡೆಯ ಡಬ್ಬಿಯ ಕಟಕಟೆಯಲ್ಲಿ ನಿಂತು, ಸ್ಟೇಷನ್ ದಾಟುವಾಗ ಹಸಿರು ಬಾವುಟ ಬೀಸಿ, "ನಮಸ್ಕಾರ ಮಾಸ್ಟ್ರೇ" ಎಂದು ಗಟ್ಟಿಯಾಗಿ ಕೂಗಿಯೇ ಹೋಗುವವನು. ಇವತ್ತು ಕೂಗಿದನೇ? ಪಾರ್ಥಸಾರಥಿಗೆ ಆ ಕೂಗು ನೆನಪಿರಲಿಲ್ಲ. ರಾಮಣ್ಣನ ಮುಖವೂ ನೆನಪಿರಲಿಲ್ಲ.

ಕೆಂಪು ಬೋರ್ಡು? ಕೆಂಪು ಕಂಡಿದ್ದು ನಿಜ. ಕಣ್ಣು ಮುಚ್ಚಿದರೆ ಈಗಲೂ ಕೆಂಪೇ ಕಾಣುತ್ತಿತ್ತು. ಆದರೆ ಆ ಕೆಂಪು ದುಂಡಗಿತ್ತು, ಗಾಳಿಗೆ ಅದುರುತ್ತಿತ್ತು. ಮನಸ್ಸಿನಲ್ಲಿ ಗಾಡಿಯನ್ನು ಮತ್ತೆ ಮೊದಲಿನಿಂದ ಓಡಿಸಿ ನೋಡಿದ. ಎಂಜಿನ್ನು ಬಂತು, ಬಳೆ ಬಿತ್ತು, ಡಬ್ಬಿಗಳು ಬಂದವು, ಹೆಂಗಸು ಬಂದಳು. ಅಲ್ಲಿಗೆ ಗಾಡಿ ಮುಗಿಯಿತು. ಇನ್ನೊಂದು ಸಲ ಓಡಿಸಿದ. ಮತ್ತೆ ಹೆಂಗಸಿನ ಹತ್ತಿರ ಬಂದು ಮುಗಿಯಿತು. ಅವಳ ಹಿಂದೆ ಡಬ್ಬಿಗಳು ಇದ್ದವೋ ಇಲ್ಲವೋ, ದೇವರಾಣೆಗೂ ಗೊತ್ತಾಗಲಿಲ್ಲ.

"ಏನ್ ಸಾರ್, ಟೋಕನ್ ಬರ್ತಾ ಇಲ್ಲ," ಎಂದ ಜಯದೇವಪ್ಪ.

"ಸ್ವಲ್ಪ ಇರ್ರೀ."

"ತೊಂದರೆ ಏನಾದ್ರೂ ಇದೆಯಾ?"

"ಇಲ್ಲ. ಸ್ವಲ್ಪ ಇರಿ ಅಂದ್ನಲ್ಲ."

ಫೋನನ್ನು ಮೇಜಿನ ಮೇಲಿಟ್ಟು ಹೊರಗೆ ಬಂದ. ಧ್ವನಿಯನ್ನು ಆದಷ್ಟು ಸಾಧಾರಣ ಮಾಡಿಕೊಂಡು ಕೇಳಿದ.

"ಬೋರಯ್ಯ, ಕಡೇ ಡಬ್ಬಿಲಿ ಬೋರ್ಡ್ ನೋಡಿದೆಯಾ?"

"ನೋಡ್ದೆ ಸ್ವಾಮಿ."

"ಸರಿಯಾಗಿ ನೋಡಿದೆಯಾ?"

"ಕೆಂಪ್‌ಗೆ ಕಾಣ್ತಿತ್ತಲ್ಲ ಸ್ವಾಮಿ. ದಿನಾ ನೋಡಾಕಿಲ್ವಾ ನಾನು?"

"ದಿನಾ ನೋಡೋದು ಬೇಡ. ಇವತ್ತು ನೋಡಿದ್ದು ಹೇಳು. ರಾಮಣ್ಣ ಯಾವ ಕಡೆ ನಿಂತಿದ್ದ?"

ಬೋರಯ್ಯ ಹಳಿಯ ಕಡೆ ನೋಡಿದ, ತನ್ನ ಕೈ ನೋಡಿಕೊಂಡ. "ಈ ಕಡೀಕೇ ಇದ್ದ. ನಮ್ ಪ್ಲಾಟ್‌ಫಾರಂ ಕಡೀಕೆ."

"ಏಯ್ ಇಲ್ಲ ಕಣ್ಲಾ," ಎಂದು ದೇವೀರಪ್ಪ ಬಾಯಿ ಹಾಕಿದ. ದೇವೀರಪ್ಪ, ರಾಮಣ್ಣ ಒಂದೇ ಊರಿನವರು, ಒಂದೇ ಜಗಲಿಯಲ್ಲಿ ಆಡಿ ಬೆಳೆದವರು. "ಆ ಕಡೀಕಿದ್ದ. ಬಿಸ್ಲು ಅಂತ ನೆಳ್ಳಿನ್ ಕಡೆ ನಿಂತಿದ್ದ. ನನ್ನ ನೋಡಿ ಬಾವುಟ ಆಡಿಸ್ದ. ನಾನೂ ಕೈ ಎತ್ತಿದೆ. ನಂಗೆ ರಾಮಣ್ಣ ಗೊತ್ತಾಗಾಕಿಲ್ವಾ ಮಾಸ್ಟ್ರೇ? ಖಾಕಿ ಕೋಟು, ಬಾಯ್ತುಂಬಾ ಎಲೆಅಡಿಕೆ."

ಒಬ್ಬ ಈ ಕಡೆ ಎನ್ನುತ್ತಾನೆ, ಒಬ್ಬ ಆ ಕಡೆ ಎನ್ನುತ್ತಾನೆ. ಇಬ್ಬರದೂ ಸುಳ್ಳಾಡುವ ಮುಖವಲ್ಲ. ಅದಕ್ಕೇ ಪಾರ್ಥಸಾರಥಿಗೆ ಭಯವಾಯಿತು. ಸುಳ್ಳು ಹೇಳುವವನನ್ನು ಗದರಿಸಿ ಬಾಯಿ ಬಿಡಿಸಬಹುದು. ಇವರು ತಾವು ಕಂಡೆವೆಂದು ನಂಬಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿನ ಹಿಂದೆ ಅವನೂ ಹೀಗೆಯೇ ನಂಬಿಕೊಂಡು ಪೂರ್ತಿ ಬಂತೆಂದು ಹೇಳಿದ್ದ.

ಹಿತ್ತಲಿಗೆ ಓಡಿದ. "ಯದುಗಿರಿ, ಆ ಹೆಂಗಸು ಹೋದಮೇಲೆ ಹಿಂದೆ ಡಬ್ಬಿ ಇತ್ತೇನೇ?"

"ಯಾವ ಹೆಂಗಸು, ಆ ಕೊಡೆಯವಳಾ? ಅವಳ ಕಾಲಿಗೆ ಗೆಜ್ಜೆ ಇತ್ತು, ನೋಡಿದ್ರಾ?"

"ಡಬ್ಬಿ ಇತ್ತೇನೇ?"

ಅವಳು ಗಂಡನ ಮುಖ ನೋಡಿದಳು. ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟಳು. "ಯಾಕೆ? ಏನಾಯ್ತು?"

ಅವನು ಹೇಳಿದ. ಮಾತು ಮುಗಿಯುವ ಮೊದಲೇ ಅವಳಿಗೆ ಎಲ್ಲ ಅರ್ಥವಾಗಿತ್ತು. ರೈಲ್ವೆಯವನ ಹೆಂಡತಿ ಅವಳು.

"ಪೂರ್ತಿ ಬಂತು ಅಂತ ಹೇಳಿ ಆಗಿದೆ ತಾನೇ?"

"ಹೇಳಿಬಿಟ್ಟಿದೀನಿ."

"ಮತ್ತೆ ಈಗ ನೋಡಲಿಲ್ಲ ಅಂತ ನೀವೇ ಬಾಯಿ ಬಿಟ್ರೆ? ಸುಳ್ಳು ವರದಿ ಕೊಟ್ಟ ಅಂತ ಮನೆಗೆ ಕಳಿಸ್ತಾರೆ. ಬಾಯಿ ಬಿಡದೆ ಸುಮ್ಮನೆ ಗಾಡಿ ತಡೆದ್ರೂ ಕಳಿಸ್ತಾರೆ. ಹೋದ ವರ್ಷ ಆ ಮನುಷ್ಯ ಅಂದು ಹೋಗಿದ್ದು ಮರೆತುಹೋಯ್ತಾ?" ಕಟ್ಟಿಟ್ಟ ಮೂಟೆಗಳ ಕಡೆ ಕೈ ತೋರಿಸಿದಳು. "ಗೋದಾನ ಇನ್ನೂ ಎಷ್ಟು ವರ್ಷ ಅಲ್ಲೇ ಬಿಟ್ಟಿರೋಣ? ಬೋರಯ್ಯ ನೋಡಿದೀನಿ ಅಂತಾನೆ, ದೇವೀರಪ್ಪನೋರು ನೋಡಿದೀನಿ ಅಂತಾರೆ. ನಿಮಗೆ ಮಾತ್ರ ಯಾಕೆ ಈ ಅನುಮಾನ?"

"ಬೋರ್ಡ್ ಇರಲಿಲ್ಲ ಅಂತ ನಾನೂ ಹೇಳ್ತಾ ಇಲ್ಲ ಕಣೇ. ಇತ್ತೋ ಇಲ್ಲವೋ ಗೊತ್ತಿಲ್ಲ. ಅದೇ ಕಷ್ಟ."

ಅವನ ಮಗಳೇ ಆ ಪ್ಯಾಸೆಂಜರಿನಲ್ಲಿದ್ದಿದ್ದರೆ ಇಷ್ಟು ಯೋಚನೆ ಬೇಕಿರಲಿಲ್ಲ. ಇದ್ದವರು ಬೇರೆಯವರ ಮಕ್ಕಳು. ಅವನ ಮಗಳು ಬೇಲೂರಿನಲ್ಲಿ ಅಪ್ಪನ ವರ್ಗ ಯಾವಾಗ ಎಂದು ದಾರಿ ಕಾಯುತ್ತ ಕೂತಿದ್ದಳು. ಮನುಷ್ಯನಿಗೆ ಹೀಗೂ ಪರೀಕ್ಷೆ ಬರುತ್ತದೆ. ಬಂದಾಗ ಎದೆ ಗಟ್ಟಿ ಎಂದು ಹೇಳಿಕೊಳ್ಳುವವರನ್ನು ನಾನು ನಂಬುವುದಿಲ್ಲ. ಪಾರ್ಥಸಾರಥಿಯ ಎದೆ ಗಟ್ಟಿಯಿರಲಿಲ್ಲ. ಹಾಗೆಯೇ ರೂಮಿಗೆ ವಾಪಸು ಬಂದ.

ಒಂದೇ ಒಂದು ದಾರಿ ಇತ್ತು. ಗೂಡ್ಸು ಇಷ್ಟು ಹೊತ್ತಿಗೆ ಮುಂದಿನ ಸ್ಟೇಷನ್ನು ಹಿರೇಕಟ್ಟೆಯನ್ನು ದಾಟುತ್ತಿರುತ್ತದೆ. ಅಲ್ಲಿನ ಮಾಸ್ಟರ್ ಸುಬ್ಬರಾಮಯ್ಯ ಹಳೆಯ ಹುಲಿ, ರಿಟೈರಾಗಲು ಸ್ವಲ್ಪವೇ ಬಾಕಿ ಇದ್ದವರು. ಅವರು ಬೋರ್ಡು ಕಂಡಿದ್ದರೆ ಮುಗಿಯಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಪಾರ್ಥಸಾರಥಿ ಆ ಕಡೆಯ ಫೋನೆತ್ತಿದ. ಇತ್ತ ಮೇಜಿನ ಮೇಲೆ ಅರಸೀಕೆರೆಯ ಫೋನು ಸಣ್ಣಗೆ ಕೂಗುತ್ತಲೇ ಇತ್ತು: "ಸಾರ್... ಹಲೋ ಸಾರ್... ಕಂಟ್ರೋಲಿನವರು ಕೇಳ್ತಾ ಇದಾರೆ, ಏನು ಹೇಳಲಿ?"

ಹಿರೇಕಟ್ಟೆಯಲ್ಲಿ ಯಾರೂ ಎತ್ತಲಿಲ್ಲ. ಗಾಡಿ ಪ್ಲಾಟ್‌ಫಾರಂ ಮೇಲಿದ್ದಾಗ ಮಾಸ್ಟರು ಹೊರಗೇ ಇರುತ್ತಾರೆ. ಕಾದ. ಕಿಟಕಿಯಿಂದ ಕಲ್ಲುಗುಡ್ಡ ಕಾಣುತ್ತಿತ್ತು. ಅದರೊಳಗೆ ಹಳಿ ಬಾಗುವ ಜಾಗದಲ್ಲಿ ಎರಡೂ ಕಡೆ ಬಂಡೆ, ಎದುರಿಗೇನಿದೆ ಎಂದು ತೀರ ಹತ್ತಿರ ಬರುವ ತನಕ ಡ್ರೈವರಿಗೆ ಕಾಣುವುದಿಲ್ಲ. ಅಲ್ಲಿ ನಾಲ್ಕು ಡಬ್ಬಿ ನಿಂತಿದ್ದರೆ, ಹಿಂದಿನಿಂದ ಮಕ್ಕಳು ತುಂಬಿದ ಗಾಡಿ ಬಂದರೆ... ಅವನು ಕಿಟಕಿಗೆ ಬೆನ್ನು ಮಾಡಿ ನಿಂತ.

ಕೊನೆಗೆ ಸುಬ್ಬರಾಮಯ್ಯನವರ ಧ್ವನಿ ಬಂತು.

"ಹಾಂ, ಪಾರ್ಥಸಾರಥಿ! ಗೂಡ್ಸ್ ಪೂರ್ತಿ ಬಂತಪ್ಪಾ. ಈಗ ತಾನೇ ಹೋಯ್ತು."

ಪಾರ್ಥಸಾರಥಿ ಕುರ್ಚಿ ಹಿಡಿದುಕೊಂಡು ಕೂತ. ಬಾಗಿಲಲ್ಲಿ ಬಂದು ನಿಂತಿದ್ದ ಯದುಗಿರಿಗೆ ತಲೆಯಾಡಿಸಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ದೇವೀರಪ್ಪ ಕಿಟಕಿಯಿಂದ ಇಣುಕಿ, "ನಾನ್ ಹೇಳ್ಲಿಲ್ವಾ?" ಎಂದ. ಪಾರ್ಥಸಾರಥಿಯ ಕೈ ಅರಸೀಕೆರೆಯ ಗುಂಡಿಯ ಕಡೆ ಹೋಯಿತು.

"ಅದು ಸರಿ ಕಣಯ್ಯಾ," ಸುಬ್ಬರಾಮಯ್ಯನವರು ಇನ್ನೂ ಮಾತಾಡುತ್ತಲೇ ಇದ್ದರು. ಮುದುಕರ ಧ್ವನಿಯಲ್ಲಿ ಹುಡುಗರ ಉತ್ಸಾಹವಿತ್ತು. "ನೀನು ನೋಡಿದೆಯೋ ಇಲ್ಲವೋ? ಒಬ್ಬಳು ಹೆಂಗಸು! ತಲೆಕೆಳಗೆ! ಕಾಲಲ್ಲಿ ಕೊಡೆ! ನನ್ನ ಸರ್ವೀಸಿನಲ್ಲೇ ಹೀಗೆ ನೋಡಿರಲಿಲ್ಲ. ನಮ್ಮ ಸ್ಟೇಷನ್ನಿಗೆ ಬರೋವಾಗ ಒಂದು ಕಾಲಿಂದ ಇನ್ನೊಂದು ಕಾಲಿಗೆ ಕೊಡೆ ಎಸೆದು ಹಿಡಿದಳು ನೋಡು. ನಮ್ಮ ಪೋರ್ಟರು ಕಂಬಕ್ಕೆ ಡಿಕ್ಕಿ ಹೊಡ್ಕೊಂಡ."

ಪಾರ್ಥಸಾರಥಿಯ ಬೆರಳು ಗುಂಡಿಯ ಮೇಲೇ ನಿಂತಿತು.

"ಸಾರ್," ಎಂದ. "ಟೇಲ್ ಬೋರ್ಡ್ ಕಂಡಿರಾ?"

"ಕಾಣದೆ ಪೂರ್ತಿ ಬಂತು ಅಂತ ಹೇಳ್ತೀನೇನಯ್ಯಾ?"

"ರಾಮಣ್ಣ ಯಾವ ಕಡೆ ನಿಂತಿದ್ದ ಸಾರ್?"

"ಯಾವ ಕಡೆ ಅಂದ್ರೆ... ನಿಲ್ಲೋ ಕಡೆ ನಿಂತಿದ್ದ."

"ಯಾವ ಕಡೆ?"

ಆ ಕಡೆಯಿಂದ ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು.

"ಸಾರ್, ಆ ಹೆಂಗಸಿನ ವ್ಯಾಗನ್ ಹಿಂದೆ ಎಷ್ಟು ಡಬ್ಬಿ ಇತ್ತು?"

"ಇತ್ತು..." ಎಂದರು ಸುಬ್ಬರಾಮಯ್ಯನವರು. ಈಗ ಬಂದ ಧ್ವನಿ ಬೇರೆಯೇ ಆಗಿತ್ತು, ಗದರಿಸುವ ಧ್ವನಿ. "ಏನು ನೀನು, ನನ್ನನ್ನೇ ವಿಚಾರಣೆ ಮಾಡ್ತೀಯಾ? ಪೂರ್ತಿ ಬಂತು ಅಂತ ಹೇಳಿದ್ದಾಯ್ತು. ಬೇಕಿದ್ರೆ ನಂಬು, ಇಲ್ಲದಿದ್ರೆ ಬಿಡು." ಫೋನಿಟ್ಟುಬಿಟ್ಟರು.

ಅವರ ಕೋಪ ತನ್ನ ಮೇಲಲ್ಲ ಎಂಬುದು ಪಾರ್ಥಸಾರಥಿಗೆ ಚೆನ್ನಾಗಿ ತಿಳಿಯಿತು. ಆ ಮುದುಕರೂ ಈಗ ತಮ್ಮ ರೂಮಿನಲ್ಲಿ ನಿಂತು ಮನಸ್ಸಿನೊಳಗೆ ಗಾಡಿ ಓಡಿಸುತ್ತಿರಬೇಕು. ಅವರದೂ ಆ ಕೊಡೆಯ ಹತ್ತಿರವೇ ನಿಲ್ಲುತ್ತಿರಬೇಕು.

ಈಗ ಬೇಕಾದಷ್ಟು ಸಾಕ್ಷಿಗಳಿದ್ದರು. ಬೋರಯ್ಯ, ದೇವೀರಪ್ಪ, ಹಿರೇಕಟ್ಟೆಯ ಹಿರಿಯರು. ನಾಳೆ ಏನಾದರೂ ಹೆಚ್ಚುಕಡಿಮೆಯಾಗಿ ವಿಚಾರಣೆ ನಡೆದರೆ ಎಲ್ಲರೂ ಪ್ರಮಾಣ ಮಾಡಿ ಕಂಡೆವೆಂದೇ ಹೇಳುತ್ತಾರೆ. ಪಾರ್ಥಸಾರಥಿಯ ಕೂದಲೂ ಕೊಂಕುವುದಿಲ್ಲ. ಒಂದು ಬೆರಳು ಒತ್ತಿದರೆ ಸಾಕಿತ್ತು. ಒಂದು ಗಳಿಗೆ, ಒತ್ತಿಬಿಡೋಣ ಎಂದು ಅವನಿಗೆ ಬಲವಾಗಿ ಅನ್ನಿಸಿತು.

"ಏನಂದ್ರು?" ಎಂದಳು ಯದುಗಿರಿ.

"ಅವರೂ ಅವಳನ್ನೇ ನೋಡಿದಾರೆ."

ಯದುಗಿರಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳಿಗೂ ಗೆಜ್ಜೆ ನೆನಪಿತ್ತು, ಡಬ್ಬಿ ನೆನಪಿರಲಿಲ್ಲ. ಆಮೇಲೆ ಮೇಜಿನ ಮೇಲೆ ಬಿದ್ದಿದ್ದ ಅರಸೀಕೆರೆಯ ಫೋನನ್ನು ಎತ್ತಿ, ಗಂಡನ ಕೈಗೆ ಕೊಟ್ಟು, ಹಿಂದಿರುಗಿ ನೋಡದೆ ಹೊರಟುಹೋದಳು.

"ಜಯದೇವಪ್ಪ," ಎಂದ ಪಾರ್ಥಸಾರಥಿ. "ಲೈನ್ ಕೊಡೋಕಾಗಲ್ಲ. ಗೂಡ್ಸಿನ ಟೇಲ್ ಬೋರ್ಡ್ ನಾನು ನೋಡಲಿಲ್ಲ."

"ಏನ್ ಸಾರ್? ಪೂರ್ತಿ ಬಂತು ಅಂತ ನೀವೇ ಹೇಳಿದ್ರಿ."

"ತಪ್ಪು ಹೇಳಿದೆ. ಗಾಡಿ ಬಿಡಬೇಡಿ."

"ಸಾರ್, ಯೋಚನೆ ಮಾಡಿ ಹೇಳಿ. ಇದನ್ನ ನಾನು ಕಂಟ್ರೋಲಿಗೆ ಹೇಳಬೇಕಾಗುತ್ತೆ. ಮೇಲಿನವರಿಗೆ ಹೋಗುತ್ತೆ." ಜಯದೇವಪ್ಪ ಒಳ್ಳೆಯವನು. ದನಿ ತಗ್ಗಿಸಿದ. "ಹಿರೇಕಟ್ಟೆಯೋರು ಏನಂತಾರೆ?"

"ಪೂರ್ತಿ ಬಂತು ಅಂತಾರೆ."

"ಮತ್ತಿನ್ನೇನು ಸಾರ್!"

"ಅವರ ಮಾತು ಅವರದು. ನಾನು ನೋಡಲಿಲ್ಲ. ಹಾಗೇ ಹೇಳಿ."

ಫೋನಿಟ್ಟ. ವರ್ಗ ಹೋಯಿತು, ಬಹುಶಃ ನೌಕರಿಯೂ ಹೋಯಿತು. ಇಷ್ಟಾದ ಮೇಲೆ ಗಾಡಿ ನಿಜವಾಗಿಯೂ ಪೂರ್ತಿ ಬಂದಿದ್ದರೆ? ಇಲ್ಲದ ಭಯಕ್ಕೆ ಹೆಂಡತಿ ಮಕ್ಕಳನ್ನು ಬೀದಿಗೆ ತಂದ ಹುಚ್ಚ ಎಂದು ಈ ಸೀಮೆಯೆಲ್ಲ ನಗುತ್ತದೆ. ಗಾಡಿ ತುಂಡಾಗಿರಲಿ ಎಂದು ಮನಸ್ಸು ಹಾರೈಸಿತು. ಹಾಗೆ ಹಾರೈಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಬೋರಯ್ಯ, ಕೆಂಪು ಬಾವುಟ ತಗೊಂಡು ಹಳಿ ಹಿಡಿದು ಗುಡ್ಡದ ಕಡೆ ಹೋಗು. ಏನಿದೆ ನೋಡ್ಕೊಂಡು ಬಾ. ಓಡು."

"ಏನೂ ಇರಾಕಿಲ್ಲ ಸ್ವಾಮಿ. ನಾನ್ ನೋಡಿವ್ನಿ," ಎಂದು ಗೊಣಗುತ್ತಲೇ ಬೋರಯ್ಯ ಹೊರಟ.

ದೇವೀರಪ್ಪನಿಗೆ ರೇಗಿತ್ತು. ಪ್ಯಾಸೆಂಜರು ಬರುವುದಿಲ್ಲ, ಚೀಲಗಳು ಇವತ್ತು ಹೋಗುವುದಿಲ್ಲ. "ಎಲ್ಲಾರೂ ಕಂಡಿರೋದು ನಿಮಗೊಬ್ಬರಿಗೆ ಕಾಣ್ಲಿಲ್ಲ ಅಂತ ಗಾಡಿ ನಿಲ್ಸಿದ್ರಲ್ಲ ಮಾಸ್ಟ್ರೇ. ನಿಮ್ ಕಣ್ಣು ತೋರಿಸ್ಕೊಳ್ಳಿ ಮೊದ್ಲು," ಎಂದು ಗಟ್ಟಿಯಾಗಿಯೇ ಅಂದ. ಪಾರ್ಥಸಾರಥಿ ಪ್ಲಾಟ್‌ಫಾರಂ ತುದಿಗೆ ಹೋಗಿ ಗುಡ್ಡದ ಕಡೆ ನೋಡುತ್ತ ನಿಂತ. ಬಿಸಿಲಿಗೆ ಹಳಿ ಹೊಳೆಯುತ್ತಿತ್ತು. ಬೋರಯ್ಯ ಸಣ್ಣದಾಗುತ್ತ ಹೋಗುತ್ತಿದ್ದ.

ಹೊರಗಿನ ಸಿಗ್ನಲ್ಲಿನ ಹತ್ತಿರ ಬೋರಯ್ಯ ನಿಂತ. ಅವನೆದುರಿಗೆ, ಬಂಡೆಗಳ ನಡುವಿನಿಂದ, ಇನ್ನೊಬ್ಬ ಮನುಷ್ಯ ಬರುತ್ತಿದ್ದ. ಒಂದು ಕಾಲನ್ನು ಎಳೆದುಕೊಂಡು, ಮರದ ತೊಲೆಯಿಂದ ತೊಲೆಗೆ ಕಷ್ಟಪಟ್ಟು ದಾಟುತ್ತ ಬರುತ್ತಿದ್ದ. ಬೋರಯ್ಯ ಓಡಿಹೋಗಿ ಅವನ ತೋಳನ್ನು ಹೆಗಲಿಗೆ ಹಾಕಿಕೊಂಡ. ಪಾರ್ಥಸಾರಥಿ ಪ್ಲಾಟ್‌ಫಾರಂ ಇಳಿದು ಓಡಿದ. ಹಿಂದೆ ದೇವೀರಪ್ಪನೂ ಧೋತರ ಎತ್ತಿ ಕಟ್ಟಿ ಓಡಿಬಂದ.

ಖಾಕಿ ಕೋಟು ಒಂದು ಕಡೆ ಹರಿದಿತ್ತು. ಮುಖದ ತುಂಬ ಕಲ್ಲಿದ್ದಲ ಮಸಿ, ಬೆವರು. ಗಾರ್ಡ್ ರಾಮಣ್ಣ.

ದೇವೀರಪ್ಪ ಹಳಿಯ ನಡುವೆ ನಿಂತುಬಿಟ್ಟ. "ಏನ್ಲಾ ಇದು? ನೀನ್ ಆಗ್ಲೇ ಹೋದ್ಯಲ್ಲೋ! ನಂಗೆ ಬಾವುಟ ಆಡಿಸ್ಕೊಂಡು ಹೋದ್ಯಲ್ಲೋ!"

"ಎಲ್ ಹೋಗ್ಲಿ?" ಎಂದ ರಾಮಣ್ಣ. ಉಸಿರು ಸಿಗುತ್ತಿರಲಿಲ್ಲ. "ಗುಡ್ಡದೊಳಗೇ ಕೊಂಡಿ ಕಿತ್ಕೊಂತು. ನಾಕು ಡಬ್ಬಿ, ನನ್ದೂ ಸೇರಿ, ಅಲ್ಲೇ ನಿಂತವೆ. ಜಗ್ಗಿದ ಏಟಿಗೆ ನಾನು ಬಾಗ್ಲಿಗೆ ಬಡ್ಕೊಂಡು ಬಿದ್ದೆ. ಕೂಗ್ದೆ, ಯಾರಿಗೆ ಕೇಳ್ಸತದೆ? ಕೈ ಬ್ರೇಕು ಬಿಗಿದು ಇಳ್ದೆ."

"ಆದ್ರೂ ನಾನ್ ನೋಡಿದೀನಿ ಕಣೋ," ಎಂದ ದೇವೀರಪ್ಪ. ತನ್ನೆದುರಿಗೆ ಕುಂಟುತ್ತ ನಿಂತವನನ್ನು ನೋಡುತ್ತಲೇ ಅಂದ. ದನಿಯಲ್ಲಿ ಈಗ ಜೋರಿರಲಿಲ್ಲ, ಹೆದರಿಕೆ ಇತ್ತು.

ಪಾರ್ಥಸಾರಥಿ ರಾಮಣ್ಣನ ಇನ್ನೊಂದು ತೋಳು ಹಿಡಿದ. "ಹಿಂದಕ್ಕೆ ಹೋಗಿ ಹಳಿ ಮೇಲೆ ಪಟಾಕಿ ಇಟ್ಟೆಯಾ? ಹಿಂದಿನಿಂದ ಬರೋ ಡ್ರೈವರಿಗೆ ಸದ್ದು ಕೇಳಿಸೋ ಹಾಗೆ?"

"ಇಡ್ಬೇಕಿತ್ತು ಮಾಸ್ಟ್ರೇ. ಕಾನೂನು ಅದೇಯ. ಈ ಕಾಲ್ನಾಗೆ ಅಷ್ಟು ದೂರ ಹಿಂದಕ್ಕೋಗಿ, ಆಮೇಲೆ ಇಲ್ಲೀಗಂಟ ಬರಾಕೆ ನನ್ನ ಕೈಲಿ ಆಯ್ತಿರ್ಲಿಲ್ಲ. ಎರಡ್ರಾಗೆ ಒಂದೇ ಆಯ್ತಿತ್ತು. ಅಲ್ಲಿ ಕೂತು ಯೋಚ್ನೆ ಮಾಡ್ದೆ." ರಾಮಣ್ಣ ನಿಂತು, ನೋವಿಗೆ ಹಲ್ಲು ಕಚ್ಚಿ, ಪಾರ್ಥಸಾರಥಿಯ ಮುಖ ನೋಡಿ ನಕ್ಕ. "ಮಾದೇಗೆರೇಲಿ ಇರೋರು ನೀವು. ಬೋರ್ಡು ಕಾಣ್ದೆ ಲೈನ್ ಕೊಡೋ ಮನುಷ್ಯ ನೀವಲ್ಲ. ಹಿಂದ್ಲಿಂದ ಯಾವ್ ಗಾಡೀನೂ ಬರಾಕಿಲ್ಲ ಅಂತ ಧೈರ್ಯ ಮಾಡ್ಕೊಂಡು ಈ ಕಡೀಕೇ ಬಂದ್ಬಿಟ್ಟೆ."

ಪಾರ್ಥಸಾರಥಿ ರಾಮಣ್ಣನ ತೋಳನ್ನು ಬಿಡದೆಯೇ ಹಳಿಯ ಮೇಲೆ ಕುಸಿದು ಕೂತ.

"ಪೂರ್ತಿ ಬಂತು ಅಂತ ಹೇಳಿಬಿಟ್ಟಿದ್ದೆ ರಾಮಣ್ಣ," ಎಂದ.